ಕೈಯಲ್ಲೇ ಮಾಡುವ ಅಡುಗೆ ಪುಸ್ತಕ: ಒಂದು ದೊಡ್ಡ ಹಾಳೆ, 32 ಪುಟ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಮನೆಯ ಅಡುಗೆಗಳನ್ನು ಕೈಯಲ್ಲೇ ಬರೆದು, ಚಿತ್ರ ಹಾಕಿ, ಹೊಲಿದು ಪುಸ್ತಕ ಮಾಡುವುದು ಹೇಗೆಂದು ಕೇಳಿ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಇಂಥ ಪುಸ್ತಕ ಬಾಳಬೇಕಾದದ್ದು ಒಲೆಯ ಪಕ್ಕದಲ್ಲಿ. ಒದ್ದೆ ಕೈ, ಎಣ್ಣೆಯ ಹನಿ, ಕುಕ್ಕರಿನ ಹಬೆ ಎಲ್ಲವನ್ನೂ ತಾಳಿಕೊಂಡು, ಹಿಡಿದುಕೊಳ್ಳುವವರಿಲ್ಲದೆ ತೆರೆದು ಮಲಗಬೇಕು. ಕಾಗದ, ಶಾಯಿ, ಹೊಲಿಗೆ ಮೂರನ್ನೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಆರಿಸಬೇಕು.

ಅತ್ತೆಯವರಿಗೆ ಬರುವ ಸಂಕ್ರಾಂತಿಗೆ 80 ತುಂಬುತ್ತದೆ. ಅವರ ಕೈಯಡುಗೆಯಲ್ಲಿ 12 ಆರಿಸಿ ಪುಸ್ತಕ ಮಾಡಿಕೊಡುವ ಆಸೆ. ಯಾವ ಕಾಗದ, ಎಷ್ಟು ಪುಟ, ಎಲ್ಲಿಂದ ಶುರು ಮಾಡಲಿ? — ಬಸವನಗುಡಿಯ ಓದುಗರು

12 ಅಡುಗೆಗೆ 32 ಪುಟ ಬೇಕು. ಅದಕ್ಕೆ ಬೇಕಾದ ಕಾಗದ 22×30 ಇಂಚಿನ ಒಂದೇ ಒಂದು ಕಾರ್ಟ್ರಿಡ್ಜ್ ಹಾಳೆ, ಅಂದರೆ ಚಿತ್ರ ಬರೆಯುವ ಗಟ್ಟಿ ಕಾಗದ. ಕೆಟ್ಟರೆ ಇರಲಿ ಎಂದು ಎರಡು ತನ್ನಿ. ಅವೆನ್ಯೂ ರಸ್ತೆ, ಸುಲ್ತಾನ್‌ಪೇಟೆ ಕಡೆಯ ಕಾಗದದ ಅಂಗಡಿಗಳಲ್ಲಿ 'ಫುಲ್ ಇಂಪೀರಿಯಲ್' ಎಂದು ಕೇಳಿ. ತೂಕ 130ರಿಂದ 150 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ) ಇರಲಿ. 100ಕ್ಕಿಂತ ಕಡಿಮೆಯಾದರೆ ಒಂದು ಬದಿಯ ಬಣ್ಣ ಇನ್ನೊಂದು ಬದಿಗೆ ಕಾಣುತ್ತದೆ. 200 ದಾಟಿದರೆ ಮಡಿಕೆ ಬಿರುಕು ಬಿಡುತ್ತದೆ, ಪುಸ್ತಕ ಮುಚ್ಚಿಕೊಳ್ಳುವುದಿಲ್ಲ.

ಕತ್ತರಿ ಹಾಕುವ ಮುಂಚೆ ಕಾಗದದ ನಾರು ಯಾವ ಕಡೆ ಓಡುತ್ತಿದೆ ಎಂದು ನೋಡಲೇಬೇಕು. ಮನೆಯಲ್ಲಿ ಮಾಡಿದ ಪುಸ್ತಕಗಳು ಕೆಡುವುದು ಬಹುಪಾಲು ಇಲ್ಲೇ. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳೆಲ್ಲ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮಲಗಿರುತ್ತವೆ. ಹೆಚ್ಚುವರಿಯಾಗಿ ತಂದ ಹಾಳೆಯ ಮೂಲೆಯಿಂದ ಎರಡು ಇಂಚಿನ ಚೌಕ ಕತ್ತರಿಸಿ, ಹಾಳೆಯ ಉದ್ದ ಯಾವ ಕಡೆಗಿತ್ತೆಂದು ಅದರ ಮೇಲೆ ಗುರುತು ಹಾಕಿ, ಒಂದು ಬದಿಯನ್ನು ಮಾತ್ರ ಒದ್ದೆ ಮಾಡಿ. ಚೂರು ಕೊಳವೆಯ ಹಾಗೆ ಸುರುಳಿಯಾಗುತ್ತದೆ. ಕೊಳವೆ ಯಾವ ಕಡೆಗೆ ಉದ್ದವಾಗಿದೆಯೋ ಆ ಕಡೆಗೆ ನಾರು. ಪುಸ್ತಕದ ಬೆನ್ನಿಗೆ ನಾರು ಸಮಾನಾಂತರವಾಗಿ ಇರಬೇಕು. ಅಡ್ಡ ಬಿದ್ದರೆ ಮಡಿಕೆ ಒರಟಾಗುತ್ತದೆ, ಪುಟ ಸೆಟೆದು ನಿಲ್ಲುತ್ತದೆ, ಹಬೆ ತಾಗಿದಾಗ ಬೆನ್ನಿನ ಬಳಿ ಅಲೆ ಅಲೆಯಾಗಿ ಉಬ್ಬುತ್ತದೆ. ಅಂಗಡಿಯ ಎ4 ಪೊಟ್ಟಣ ತಂದು ಅರ್ಧಕ್ಕೆ ಮಡಚಿದರೆ ಆಗುವುದು ಇದೇ, ಏಕೆಂದರೆ ಆ ಹಾಳೆಗಳ ನಾರು ಸಾಮಾನ್ಯವಾಗಿ ಉದ್ದಕ್ಕೆ ಓಡಿರುತ್ತದೆ.

ನಾರು 30 ಇಂಚಿನ ಬದಿಗೆ ಓಡಿದ್ದರೆ ಆ ಬದಿಯನ್ನು ನಾಲ್ಕು ಭಾಗ, 22ರ ಬದಿಯನ್ನು ಎರಡು ಭಾಗ ಮಾಡಿ. 11×7.5 ಇಂಚಿನ 8 ತುಂಡು ಸಿಗುತ್ತವೆ. 11 ಇಂಚನ್ನು ನಡುವೆ ಮಡಚಿದರೆ 5.5×7.5ರ ಪುಟ. ನಾರು 22ರ ಬದಿಗೆ ಓಡಿದ್ದರೆ ಎರಡೂ ಬದಿಯನ್ನು ಮೂರು ಮೂರು ಭಾಗ ಮಾಡಿ; 9 ತುಂಡು ಬರುತ್ತವೆ, ಪುಟ ಸುಮಾರು 5×7.3 ಇಂಚು. ಎಂಟು ಬಳಸಿ, ಒಂಬತ್ತನೆಯದನ್ನು ಶಾಯಿ ಮತ್ತು ಬಣ್ಣದ ಪರೀಕ್ಷೆಗೆ ಇಟ್ಟುಕೊಳ್ಳಿ. ಮಡಿಕೆಯನ್ನು ಚಮಚದ ಬೆನ್ನಿನಿಂದ ನಡುವಿನಿಂದ ತುದಿಗೆ ಒಮ್ಮೆ ಒತ್ತಿ ಎಳೆದರೆ ಸಾಕು.

ನಾಲ್ಕು ನಾಲ್ಕು ತುಂಡನ್ನು ಒಂದರೊಳಗೊಂದು ಸೇರಿಸಿದರೆ 16 ಪುಟದ ಎರಡು ಕಟ್ಟು. ಎಂಟನ್ನೂ ಒಂದೇ ಕಟ್ಟು ಮಾಡಬೇಡಿ. ಒಳಗಿನ ಹಾಳೆಗಳು ಹೊರಗಿನವನ್ನು ಮೀರಿ ಮುಂದೆ ಚಾಚಿಕೊಳ್ಳುತ್ತವೆ.

ಈಗ ಪುಟಗಳ ಹಂಚಿಕೆ. ಪ್ರತಿ ಅಡುಗೆಯೂ ಎಡಪುಟದಲ್ಲಿ ಆರಂಭವಾಗಿ ಬಲಪುಟದಲ್ಲಿ ಮುಗಿಯಲಿ. ಹಿಟ್ಟು ಮೆತ್ತಿದ ಕೈಯಲ್ಲಿ ಪುಟ ತಿರುವುವ ಪ್ರಸಂಗವೇ ಬರಬಾರದು. 1ನೇ ಪುಟ ಹೆಸರಿಗೆ, 2–3 ಅಳತೆ ಮತ್ತು ಪರಿವಿಡಿಗೆ, 4–5ರಿಂದ 26–27ರವರೆಗೆ 12 ಅಡುಗೆ. 28ರಿಂದ 31ರವರೆಗೆ ಖಾಲಿ ಬಿಡಿ. ಪುಸ್ತಕ ಕೈಗೆ ಬಂದ ಮೇಲೆ ಅತ್ತೆಯವರಿಗೆ ಬಿಟ್ಟುಹೋದ ಎರಡು ಅಡುಗೆ ಖಂಡಿತ ನೆನಪಾಗುತ್ತವೆ. 8–9 ಮತ್ತು 24–25, ಈ ಎರಡು ಜೋಡಿ ಮಾತ್ರ ಕಟ್ಟಿನ ಹೊಟ್ಟೆಯಲ್ಲಿ ಅಖಂಡ ಹಾಳೆಯಾಗಿ ಬರುತ್ತವೆ. ಬಾಳೆಎಲೆಯ ತುಂಬ ಹಬ್ಬದೂಟ ಬರೆಯುವ ಆಸೆಯಿದ್ದರೆ ಅದಕ್ಕೆ ಇವೇ ಜಾಗ.

ಬರವಣಿಗೆ, ಬಣ್ಣ ಎರಡೂ ಹೊಲಿಗೆಗೆ ಮುಂಚೆಯೇ ಮುಗಿಯಲಿ. ತಪ್ಪಾದರೆ ಒಂದು ತುಂಡು ಹಾಳೆ ಬದಲಿಸಿದರಾಯಿತು. ಆದರೆ ಬಿಡಿ ಹಾಳೆಯಲ್ಲಿ ಪುಟಗಳು ಒಂದರ ಹಿಂದೊಂದು ಬರುವುದಿಲ್ಲ. ಮೊದಲ ಕಟ್ಟಿನ ಹೊರಹಾಳೆಯಲ್ಲಿ 1, 2, 15, 16 ಇರುತ್ತವೆ. ಹಳೆಯ ಕಾಗದದಲ್ಲಿ ಇದೇ ಅಳತೆಯ ಒಂದು ಕಚ್ಚಾ ಪುಸ್ತಕ ಮಡಚಿ, ಅಂಕಿ ಹಾಕಿ, ಬಿಚ್ಚಿ, ಅದನ್ನು ನೋಡಿಕೊಂಡು ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಳ್ಳಿ. ಬೆನ್ನಿನ ಕಡೆ 15 ಮಿ.ಮೀ., ಉಳಿದ ಮೂರು ಕಡೆ 12 ಮಿ.ಮೀ. ಅಂಚು ಬಿಡಿ.

ಅಮ್ಮನನ್ನು ಕೇಳಿದರೆ ಎಲ್ಲವೂ ಕಣ್ಣಂದಾಜು. 'ಒಂದು ಹಿಡಿ', 'ನಿಂಬೆಹಣ್ಣಿನ ಗಾತ್ರ', 'ಕೈಗೆ ಬಂದಷ್ಟು' ಅನ್ನುತ್ತಾರೆ. ಹೇಗೆ ಬರೆದುಕೊಳ್ಳುವುದು? — ಮಲ್ಲೇಶ್ವರದ ಓದುಗರು

ಕೇಳಬೇಡಿ, ತೂಗಿ. ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಅಡುಗೆಮನೆ ತಕ್ಕಡಿ ಸಾಕು. ಅಮ್ಮ ಅಡುಗೆಗೆ ನಿಲ್ಲುವ ಮುಂಚೆ ಉಪ್ಪಿನ ಭರಣಿ, ಸಾರಿನ ಪುಡಿ ಡಬ್ಬಿ, ಬೇಳೆ ಡಬ್ಬಿ, ಎಣ್ಣೆ ಪಾತ್ರೆ ಎಲ್ಲವನ್ನೂ ಒಮ್ಮೆ ತೂಗಿ ಬರೆದಿಡಿ. ಅವರು ತಮ್ಮ ಪಾಡಿಗೆ ಮಾಡಲಿ. ಮುಗಿದ ಮೇಲೆ ಮತ್ತೆ ತೂಗಿ. ವ್ಯತ್ಯಾಸವೇ ಅಳತೆ. ಮಧ್ಯೆ ಕೈ ಹಿಡಿದು 'ಇದು ಎಷ್ಟು?' ಎಂದು ಕೇಳಿದರೆ ಅವರ ಕೈಯ ಲಯ ತಪ್ಪುತ್ತದೆ, ಆ ದಿನದ ಅಳತೆಯೇ ಸುಳ್ಳಾಗುತ್ತದೆ. ಎರಡು ಬೇರೆ ದಿನ ತೂಗಿ. ಎರಡೂ ಸಲ ಹತ್ತಿರ ಬಂದರೆ ಬರೆಯಿರಿ. ದೂರ ಬಂದರೆ 'ರುಚಿ ನೋಡಿ' ಎಂಬುದೇ ಆ ಜಾಗದ ಸರಿಯಾದ ಮಾತು.

ಅವರ ಲೋಟ, ಪಾವು, ಸೌಟು ಹಿಡಿಸುವಷ್ಟು ನೀರು ತುಂಬಿ ತೂಗಿ. ಒಂದು ಗ್ರಾಂ ನೀರು ಒಂದು ಮಿ.ಲೀ. ಎರಡು ಪಾವು ಅಚ್ಚೇರು, ನಾಲ್ಕು ಪಾವು ಸೇರು ಎಂಬ ಲೆಕ್ಕ ಎಲ್ಲರಿಗೂ ಒಂದೇ ಆದರೂ ನಿಮ್ಮ ಮನೆಯ ಪಾವಿನ ನಿಜವಾದ ಅಳತೆ ಅಳೆದಾಗಲೇ ಗೊತ್ತಾಗುವುದು. ಅದನ್ನು 2ನೇ ಪುಟದಲ್ಲಿ ಪಾತ್ರೆಯ ಚಿತ್ರದೊಂದಿಗೆ ಒಮ್ಮೆ ಬರೆದುಬಿಟ್ಟರೆ ಒಳಗಿನ ಪುಟಗಳಲ್ಲಿ ಪಾವು, ಹಿಡಿ, ಚಿಟಿಕೆ ಎಂಬ ಅಮ್ಮನ ಮಾತುಗಳನ್ನು ಹಾಗೇ ಉಳಿಸಿಕೊಳ್ಳಬಹುದು. ಆ ಮಾತುಗಳನ್ನು ತೆಗೆದು ಬರೀ ಗ್ರಾಂ ಹಾಕಿದರೆ ಪುಸ್ತಕದಿಂದ ಅಮ್ಮನೇ ಎದ್ದುಹೋದ ಹಾಗೆ.

ಮೂರು ಎಚ್ಚರಿಕೆ. ಕಲ್ಲುಪ್ಪೋ ಪುಡಿಯುಪ್ಪೋ ಬರೆಯಿರಿ. ಒಂದೇ ಚಮಚದಲ್ಲಿ ಎರಡರ ತೂಕ ಬೇರೆ. ಮೆಣಸಿನಕಾಯಿಯ ಹೆಸರು ಬರೆಯಿರಿ. ಬ್ಯಾಡಗಿ ಎಂಟು ಹಾಕುವ ಕಡೆ ಗುಂಟೂರು ಎಂಟು ಬಿದ್ದರೆ ಬಾಯಿಗಿಡಲಾಗದು. ಮತ್ತೆ, ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಇಲ್ಲಿ ಬೇಳೆ ಬೇಯುವ ಹೊತ್ತಿಗಿಂತ ಮಂಗಳೂರಿನಲ್ಲಿ ಸ್ವಲ್ಪ ಬೇಗ ಬೇಯುತ್ತದೆ. ಪುಸ್ತಕ ಊರಾಚೆ ಹೋಗುವುದಾದರೆ ನಿಮಿಷದ ಜೊತೆಗೆ 'ಬೆರಳಲ್ಲಿ ಹಿಸುಕಿದರೆ ಮೆತ್ತಗಾಗುವವರೆಗೆ' ಎಂಬ ಗುರುತೂ ಇರಲಿ. ಕುಕ್ಕರಿನ ಕೂಗೂ ಹಾಗೆಯೇ, ಒಂದೊಂದು ಕುಕ್ಕರಿನದು ಒಂದೊಂದು. ಮೊದಲ ಕೂಗಿನ ನಂತರ ಸಣ್ಣ ಉರಿಯಲ್ಲಿ ಎಷ್ಟು ನಿಮಿಷ ಎಂದು ಬರೆಯುವುದು ಮೇಲು.

ನನಗೆ ಚಿತ್ರ ಅಷ್ಟಾಗಿ ಬರುವುದಿಲ್ಲ. ಪ್ರತಿ ಅಡುಗೆಗೂ ಬಟ್ಟಲು ತುಂಬಿದ ಚಿತ್ರ ಬರೆದರೆ ಎಲ್ಲವೂ ಒಂದೇ ಥರ ಕಾಣುತ್ತಿದೆ. ಏನು ಮಾಡಲಿ? — ಹನುಮಂತನಗರದ ಓದುಗರು

ಸಾರು, ಹುಳಿ, ಗೊಜ್ಜು, ತೊವ್ವೆ ಎಲ್ಲವನ್ನೂ ಬಟ್ಟಲಲ್ಲಿ ಹಾಕಿ ಬರೆದರೆ ಕಾಣುವುದು ನಾಲ್ಕು ಬಟ್ಟಲು. ಮಾತಿನಲ್ಲಿ ಹೇಳಲಾಗದ್ದನ್ನು ಹೇಳುವುದು ಚಿತ್ರದ ಕೆಲಸ, ಅದಕ್ಕೆ ದೊಡ್ಡ ಕೈಚಳಕ ಬೇಡ.

ಗಾತ್ರವನ್ನು ನಿಜ ಅಳತೆಯಲ್ಲಿ ಬರೆಯಿರಿ. ಅಮ್ಮ ಹಾಕುವ ಹುಣಸೆಯನ್ನು ಉಂಡೆ ಮಾಡಿಸಿ, ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಪುಟದ ಮೇಲಿಟ್ಟು, ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯಿರಿ. ಪೆನ್ಸಿಲ್ ಓರೆಯಾದರೆ ಗೆರೆ ಉಂಡೆಯ ಅಡಿಗೆ ಜಾರಿ ಗಾತ್ರ ಕಿರಿದಾಗುತ್ತದೆ. ಬೆಲ್ಲದ ಚೂರು, ಒಬ್ಬಟ್ಟಿನ ಹೂರಣದ ಉಂಡೆ, ಅದಕ್ಕೆ ಹೊದಿಸುವ ಕಣಕದ ಉಂಡೆ, ಇಂಗಿನ ಹರಳು ಎಲ್ಲವೂ ಹೀಗೆಯೇ. ಹೂರಣ ಮತ್ತು ಕಣಕದ ಎರಡು ವೃತ್ತಗಳನ್ನು ಅಕ್ಕಪಕ್ಕ ನೋಡಿದವರಿಗೆ ಒಬ್ಬಟ್ಟು ಏಕೆ ಒಡೆಯುತ್ತಿತ್ತು ಎಂದು ವಿವರಿಸಬೇಕಾಗಿಲ್ಲ.

ಇನ್ನೊಂದು, ಹುರಿಯುವ ಹದ. ಸಾರಿನ ಪುಡಿಯ ಪುಟದಲ್ಲಿ ಧನಿಯ, ಮೆಂತ್ಯ, ಕಡಲೆಬೇಳೆ ಒಂದೊಂದಕ್ಕೂ ಮೂರು ಚಿಕ್ಕ ಚೌಕ ಹಾಕಿ: ಹಸಿಯದರ ಬಣ್ಣ, ಹದವಾಗಿ ಹುರಿದದ್ದು, ಮೀರಿದ್ದು. ಹುರಿದ ಕಾಳನ್ನು ಪುಟದ ಪಕ್ಕದಲ್ಲೇ ಇಟ್ಟು, ಹಗಲು ಬೆಳಕಿನಲ್ಲಿ ಬಣ್ಣ ಬೆರೆಸಿ. ಟ್ಯೂಬ್‌ಲೈಟಿನಲ್ಲಿ ಬೆರೆಸಿದ ಕಂದು ಬೆಳಿಗ್ಗೆ ಬೇರೆಯೇ ಕಾಣುತ್ತದೆ. ಮೆಂತ್ಯದ ಮೂರನೇ ಚೌಕದ ಕೆಳಗೆ 'ಕಹಿ' ಎಂದು ಬರೆದರೆ ಮುಗಿಯಿತು.

ಬಣ್ಣಗಳ ಬಗ್ಗೆ: ಇಡ್ಲಿ, ಅನ್ನ, ಮೊಸರಿಗೆ ಬಿಳಿ ಬಣ್ಣ ಹಚ್ಚಬೇಡಿ, ಕಾಗದವನ್ನೇ ಬಿಳಿಯಾಗಿ ಬಿಟ್ಟು ನೆರಳನ್ನು ಮಾತ್ರ ಬರೆಯಿರಿ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಸೇರಿಸಿ ತುಂಬ ತೆಳುವಾಗಿಸಿದರೆ ಬೇಕಾದ ಬೂದು ಬರುತ್ತದೆ. ಅದೇ ಎರಡನ್ನು ಗಟ್ಟಿಯಾಗಿ ಕಲಸಿ ಸಿಯೆನ್ನಾ ಹೆಚ್ಚು ಹಾಕಿದರೆ ರಾಗಿಮುದ್ದೆ. ಮುದ್ದೆಯ ನೆತ್ತಿಯಲ್ಲಿ ಒಂದು ಪುಟ್ಟ ಜಾಗವನ್ನು ಬಣ್ಣವಿಲ್ಲದೆ ಬಿಡಿ, ನೀರು ಸವರಿ ಉಂಡೆ ಕಟ್ಟಿದ ಹೊಳಪು ತಾನೇ ಬರುತ್ತದೆ.

ಕಾರ್ಟ್ರಿಡ್ಜ್ ಕಾಗದ ತೆಳು ಬಣ್ಣವನ್ನಷ್ಟೇ ತಾಳುತ್ತದೆ. ನೀರು ಹೆಚ್ಚು ಹಾಕಿ ಬರೆಯುವವರು ಚಿತ್ರವನ್ನು 200–300 ಜಿಎಸ್‌ಎಂ ಜಲವರ್ಣ ಕಾಗದದಲ್ಲಿ ಬರೆದು, ಒಂದು ಅಂಚಿಗೆ ಮಾತ್ರ 5 ಮಿ.ಮೀ. ಅಂಟು ಹಚ್ಚಿ ಪುಟಕ್ಕೆ ಕೂರಿಸಲಿ. ಹೀಗೆ ಅಂಟಿಸಿದ ಚಿತ್ರ ನಾಲ್ಕೈದಕ್ಕಿಂತ ಹೆಚ್ಚಾದರೆ ಪುಸ್ತಕ ಬಾಯಿ ಮುಚ್ಚುವುದಿಲ್ಲ. ಆಗ ಹೊಲಿಯುವ ಮುಂಚೆ ಕಟ್ಟಿನ ಮಡಿಕೆಗಳ ನಡುವೆ ಒಂದು ಇಂಚು ಅಗಲದ, ಉದ್ದಕ್ಕೆ ಮಡಚಿದ ಪಟ್ಟಿಗಳನ್ನು ಸೇರಿಸಿ ಬೆನ್ನನ್ನೂ ಅಷ್ಟೇ ದಪ್ಪ ಮಾಡಬೇಕು.

ಅರಿಶಿನ, ಕಾಫಿ ಡಿಕಾಕ್ಷನ್, ಬೀಟ್‌ರೂಟ್ ರಸದಿಂದಲೇ ಚಿತ್ರ ಬರೆದರೆ ಅಡುಗೆ ಪುಸ್ತಕಕ್ಕೆ ಚೆಂದವಲ್ಲವೇ? — ಜೆ.ಪಿ. ನಗರದ ಓದುಗರು

ಯೋಚನೆ ಚೆಂದ, ಬಾಳಿಕೆ ಇಲ್ಲ. ಅರಿಶಿನದ ಹಳದಿ ಬೆಳಕಿಗೆ ಮಾಸುತ್ತದೆ. ಸೋಪಿನ ಕೈ ಅಥವಾ ಅಡುಗೆ ಸೋಡಾ ತಾಗಿದರೆ ಕೆಂಪಗಾಗುತ್ತದೆ. ಕುಂಕುಮ ಆಗುವುದೂ ಇದೇ ಗುಣದಿಂದ. ಬೀಟ್‌ರೂಟ್ ಕೆಂಪು ಬೇಗ ಕಂದಿ ಮಣ್ಣುಬಣ್ಣಕ್ಕೆ ತಿರುಗುತ್ತದೆ. ಡಿಕಾಕ್ಷನ್ ಇದ್ದುದರಲ್ಲಿ ಪರವಾಗಿಲ್ಲ, ಆದರೆ ಅದರ ಹುಳಿ ಗುಣ ಕಾಗದಕ್ಕೆ ಒಳ್ಳೆಯದಲ್ಲ. ಸಕ್ಕರೆ ಬೆರೆತಿದ್ದರೆ ಇರುವೆ, ಜಿರಳೆ ಬರುತ್ತವೆ. ಅರಿಶಿನಕ್ಕೆ ಯೆಲ್ಲೋ ಓಕರ್ ಜೊತೆ ಚೂರು ಲೆಮನ್ ಯೆಲ್ಲೋ, ಡಿಕಾಕ್ಷನ್‌ಗೆ ಬರ್ನ್ಟ್ ಅಂಬರ್ ಬಳಸಿ.

ಜೆಲ್ ಪೆನ್ನಿನಲ್ಲಿ ಬರೆದು ಮೇಲೆ ಬಣ್ಣ ಹಚ್ಚಿದೆ. ಗೆರೆಯೆಲ್ಲ ಕರಗಿ ಹಬ್ಬಿತು. ಬಾಲ್‌ಪೆನ್ ಬಳಸಬಹುದೇ? — ವಿಜಯನಗರದ ಓದುಗರು

ಬೇಡ. ಬಾಲ್‌ಪೆನ್ ಶಾಯಿ ನೀರಿಗೆ ಜಗ್ಗದಿದ್ದರೂ ಎಣ್ಣೆಯಿಂದ ತಯಾರಾದದ್ದು. ಒಗ್ಗರಣೆ ಹನಿ ಬಿದ್ದ ಕಡೆ ಅಕ್ಷರದ ಸುತ್ತ ನೀಲಿ ಹಬ್ಬುತ್ತದೆ. ಫೌಂಟನ್ ಪೆನ್ನಿನ ಸಾಮಾನ್ಯ ಶಾಯಿ ಮತ್ತು ಹಲವು ಜೆಲ್ ಪೆನ್ನುಗಳಲ್ಲಿರುವುದು ನೀರಿನಲ್ಲಿ ಕರಗುವ ಬಣ್ಣ. ನಿಮಗೆ ಬೇಕಾದದ್ದು 'ಪಿಗ್ಮೆಂಟ್', 'ವಾಟರ್‌ಪ್ರೂಫ್' ಎಂದು ಎರಡೂ ಬರೆದಿರುವ ಡ್ರಾಯಿಂಗ್ ಪೆನ್. ಅಕ್ಷರಕ್ಕೆ 0.5 ಮಿ.ಮೀ., ಚಿತ್ರದ ಗೆರೆಗೆ 0.3 ಮಿ.ಮೀ. ಮೊನೆ ಸರಿಹೋಗುತ್ತದೆ. ಅದಕ್ಕಿಂತ ಸಣ್ಣ ಮೊನೆಯಲ್ಲಿ ಒತ್ತಕ್ಷರಗಳು ಹೊಗೆಯಲ್ಲಿ ನಿಂತು ಓದುವವರಿಗೆ ಕಾಣುವುದಿಲ್ಲ.

ಪೆನ್ನಿನ ಮೇಲೆ ಬರೆದಿರುವುದನ್ನು ನಂಬಿ ಸುಮ್ಮನಾಗಬೇಡಿ. ಪುಸ್ತಕದ ಕಾಗದದ್ದೇ ಚೂರಿನ ಮೇಲೆ ನಾಲ್ಕು ಸಾಲು ಬರೆದು ಒಂದು ದಿನ ಬಿಡಿ. ಒಂದು ಸಾಲಿನ ಮೇಲೆ ಒದ್ದೆ ಕುಂಚ, ಒಂದರ ಮೇಲೆ ಎಣ್ಣೆ ಬೆರಳು, ಒಂದರ ಮೇಲೆ ನಿಂಬೆರಸ ಎಳೆಯಿರಿ. ನಾಲ್ಕನೆಯದನ್ನು ಹೋಲಿಕೆಗೆ ಹಾಗೇ ಬಿಡಿ. ಶಾಯಿ ಒಳ್ಳೆಯದಿದ್ದೂ ಗೆರೆ ಜೇಡರಬಲೆಯ ಹಾಗೆ ಒಡೆದುಕೊಂಡರೆ ದೋಷ ಕಾಗದದ್ದು. ಅಂಟು ಲೇಪ ಕಡಿಮೆ ಇರುವ ಕೈಕಾಗದದಲ್ಲಿ ಹೀಗಾಗುತ್ತದೆ. ಅದನ್ನು ಹೊದಿಕೆಗೆ ಇಟ್ಟುಕೊಳ್ಳಿ.

ಹೊಲಿಗೆ ಹಾಕುವ ಕ್ರಮ ತಿಳಿಸಿ. ಪಕ್ಕದಲ್ಲಿ ತೂತು ಮಾಡಿ ದಾರ ಕಟ್ಟಿದ ಪುಸ್ತಕ ತೆರೆದಿಟ್ಟರೆ ತಾನೇ ಮುಚ್ಚಿಕೊಳ್ಳುತ್ತಿದೆ. — ರಾಜಾಜಿನಗರದ ಓದುಗರು

ಪಕ್ಕಹೊಲಿಗೆ ನೋಡಲು ಸೊಗಸು, ಅಡುಗೆಮನೆಗೆ ಆಗದು. ಬೆನ್ನಿನ ಕಡೆಯ ಅರ್ಧ ಇಂಚನ್ನು ದಾರವೇ ಹಿಡಿದುಕೊಂಡಿರುವುದರಿಂದ ಪುಟ ಚಪ್ಪಟೆಯಾಗಿ ಮಲಗುವುದೇ ಇಲ್ಲ. ಮಡಿಕೆಯ ಮೂಲಕವೇ ಹೊಲಿಯಿರಿ.

ಹೊದಿಕೆಗೆ 300 ಜಿಎಸ್‌ಎಂ ಕಾರ್ಡ್: 5.5×7.5 ಇಂಚಿನ ಪುಟಕ್ಕೆ ಎತ್ತರ 194, ಅಗಲ 290 ಮಿ.ಮೀ. ನಡುವೆ 6 ಮಿ.ಮೀ. ಅಂತರದಲ್ಲಿ ಎರಡು ಗೆರೆ ಗೀರಿ ಮಡಚಿದರೆ ಅದು ಬೆನ್ನು. ಬೆನ್ನಿನ ಮೇಲೆ 3 ಮಿ.ಮೀ. ಅಂತರದಲ್ಲಿ ಎರಡು ಸಾಲು ತೂತು, ಒಂದೊಂದು ಕಟ್ಟಿಗೆ ಒಂದೊಂದು ಸಾಲು. 190 ಮಿ.ಮೀ. ಎತ್ತರದ ಪುಟಕ್ಕೆ ತೂತುಗಳು ಮೇಲಿನಿಂದ 20, 57, 95, 133, 170 ಮಿ.ಮೀ.ಗೆ ಬರಲಿ; ಹೊದಿಕೆಯಲ್ಲಿ ಎಲ್ಲವೂ 2 ಮಿ.ಮೀ. ಕೆಳಗೆ. ಕಟ್ಟನ್ನು ಅರ್ಧ ತೆರೆದು ಹಳೆಯ ಟೆಲಿಫೋನ್ ಡೈರೆಕ್ಟರಿಯಂಥ ದಪ್ಪ ಪುಸ್ತಕದ ನಡುವೆ ಕೂರಿಸಿ ಸಣ್ಣ ದಬ್ಬಣದಿಂದ ಚುಚ್ಚಿ. ತೂತು ಸೂಜಿಗಿಂತ ದೊಡ್ಡದಾಗಬಾರದು.

ದಾರ ಹತ್ತಿಯದೋ ಲಿನನ್ನದೋ ಇರಲಿ, ಜೇನುಮೇಣದ ಮೇಲೆ ಎರಡು ಸಲ ಎಳೆಯಿರಿ. ತೆಳು ನೈಲಾನ್ ಕಾಗದವನ್ನು ಕೊಯ್ಯುತ್ತದೆ. ಪ್ರತಿ ಕಟ್ಟಿಗೆ 60 ಸೆಂ.ಮೀ. ದಾರ. ತೂತುಗಳಿಗೆ ಮೇಲಿನಿಂದ 1ರಿಂದ 5 ಎಂದು ಅಂಕಿಯಿಟ್ಟರೆ ದಾರಿ ಹೀಗೆ: ಒಳಗಿನಿಂದ 3ರಲ್ಲಿ ಹೊರಗೆ, 2ರಲ್ಲಿ ಒಳಗೆ, 1ರಲ್ಲಿ ಹೊರಗೆ, ಮತ್ತೆ 2ರಲ್ಲಿ ಒಳಗೆ, 3ನ್ನು ಬಿಟ್ಟು 4ರಲ್ಲಿ ಹೊರಗೆ, 5ರಲ್ಲಿ ಒಳಗೆ, 4ರಲ್ಲಿ ಹೊರಗೆ, 3ರಲ್ಲಿ ಒಳಗೆ. ಈಗ ಎರಡೂ ತುದಿ ಒಳಗಿವೆ. 2ರಿಂದ 4ಕ್ಕೆ ಹೋದ ಉದ್ದ ದಾರದ ಒಂದೊಂದು ಪಕ್ಕಕ್ಕೆ ಒಂದೊಂದು ತುದಿ ಬರುವಂತೆ ಮಾಡಿ ಅದರ ಮೇಲೆ ಎರಡು ಗಂಟು ಹಾಕಿ, ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ. 2, 4 ಮತ್ತು 3ರಲ್ಲಿ ಎರಡನೇ ಸಲ ಹೋಗುವಾಗ ಸೂಜಿ ಮೊದಲ ದಾರವನ್ನೇ ಚುಚ್ಚದಂತೆ ನೋಡಿಕೊಳ್ಳಿ. ಚುಚ್ಚಿದರೆ ದಾರ ಬಿಗಿಯಾಗದು.

ಬಿಗಿಮಾಡುವಾಗ ದಾರವನ್ನು ಮಡಿಕೆಯ ಉದ್ದಕ್ಕೇ ಎಳೆಯಬೇಕು. ನಿಮ್ಮ ಕಡೆಗೆ ಮೇಲಕ್ಕೆ ಎಳೆದರೆ ತೂತು ಹರಿದು ಸೀಳಾಗುತ್ತದೆ.

ಅಜ್ಜಿಯ ಹಳೆಯ ಹತ್ತಿ ಸೀರೆಯಿಂದ ರಟ್ಟಿನ ಹೊದಿಕೆ ಮಾಡಿದೆ. ಅಂಟು ಬಟ್ಟೆಯ ಮೇಲಕ್ಕೆ ಉಕ್ಕಿ ಕಲೆಯಾಯಿತು, ರಟ್ಟೂ ಬಾಗಿತು. ಮೈದಾ ಅಂಟು ಒಳ್ಳೆಯದೋ ಫೆವಿಕಾಲೋ? — ಬನಶಂಕರಿಯ ಓದುಗರು

ಎರಡಕ್ಕೂ ಕೆಲಸವಿದೆ. ಸೀರೆಯ ಬಟ್ಟೆಗೆ ಮೊದಲು ಹಿಂಬದಿಯಲ್ಲಿ ತೆಳು ಕಾಗದ ಕೊಡಬೇಕು, ಇಲ್ಲದಿದ್ದರೆ ಯಾವ ಅಂಟೂ ಮೇಲೆ ಉಕ್ಕುತ್ತದೆ. ಒಂದು ಅಳತೆ ಮೈದಾಕ್ಕೆ ಐದು ಅಳತೆ ನೀರು ಹಾಕಿ, ಗಂಟಿಲ್ಲದೆ ಕದಡಿ, ಸಣ್ಣ ಉರಿಯಲ್ಲಿ ಬಿಳುಪು ಹೋಗಿ ಹೊಳೆಯುವವರೆಗೆ ತಿರುವಿ ಆರಿಸಿ. ಇಸ್ತ್ರಿ ಮಾಡಿದ ಬಟ್ಟೆಯನ್ನು ಮುಖ ಕೆಳಗಾಗಿ ಹಾಸಿ, ಅಂಟನ್ನು ಕಾಗದಕ್ಕೆ ಹಚ್ಚಿ, ಕಾಗದವನ್ನು ಬಟ್ಟೆಯ ಮೇಲಿಳಿಸಿ ಅಂಗೈಯಿಂದ ಒತ್ತಿ. ಪೂರ್ತಿ ಒಣಗಿದ ಮೇಲೆ ಅದು ಅಂಗಡಿಯ ಬೈಂಡಿಂಗ್ ಬಟ್ಟೆಯ ಹಾಗೆಯೇ ವರ್ತಿಸುತ್ತದೆ. ಅದನ್ನು ರಟ್ಟಿಗೆ ಕೂರಿಸಲು ಫೆವಿಕಾಲ್ ತೆಳುವಾಗಿ, ನಾಲ್ಕಕ್ಕೆ ಒಂದರಷ್ಟು ನೀರು ಬೆರೆಸಿ ಹಚ್ಚಿ.

ಹಳೆಯ ಬೈಂಡಿಂಗ್ ಕೆಲಸದಲ್ಲಿ ಹುಳ ಬಾರದಿರಲೆಂದು ಮೈದಾ ಅಂಟಿಗೆ ಮೈಲುತುತ್ತ ಸೇರಿಸುವುದಿತ್ತು. ಅದು ವಿಷ. ಅಡುಗೆಮನೆಗೆ ಹೋಗುವ ಪುಸ್ತಕಕ್ಕೆ ಖಂಡಿತ ಬೇಡ.

ರಟ್ಟು ಬಾಗಿದ್ದು ಒಂದೇ ಬದಿಗೆ ಅಂಟಿಸಿದ್ದರಿಂದ. ಒದ್ದೆಯಾದಾಗ ಹಿಗ್ಗಿದ ಕಾಗದ, ಬಟ್ಟೆ ಒಣಗುವಾಗ ಕುಗ್ಗಿ ರಟ್ಟನ್ನು ತನ್ನ ಕಡೆ ಎಳೆಯುತ್ತದೆ. ಒಳಬದಿಗೂ ಕಾಗದ ಅಂಟಿಸಿದರೆ ಎಳೆತ ಸರಿತೂಗುತ್ತದೆ, ರಟ್ಟಿನ ನಾರೂ ಬೆನ್ನಿನ ದಿಕ್ಕಿಗೇ ಇರಬೇಕು. ನಂತರ ಹೀರುಕಾಗದ ಸೇರಿಸಿ ಎರಡು ಹಲಗೆಗಳ ನಡುವೆ ಒತ್ತಡದಲ್ಲಿಟ್ಟು ಒಂದು ದಿನ ಬಿಡಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನ ಗಾಳಿಯಲ್ಲಿ ಎರಡು ದಿನವಾದರೂ ಬೇಕು. ನಡುವೆ ಒಮ್ಮೆ ತೆಗೆದು ಒದ್ದೆಯಾದ ಹೀರುಕಾಗದ ಬದಲಿಸಿ, ಇಲ್ಲದಿದ್ದರೆ ಬೂಷ್ಟು. 2 ಮಿ.ಮೀ. ರಟ್ಟಾದರೆ ಎತ್ತರ ಪುಟಕ್ಕಿಂತ 6 ಮಿ.ಮೀ. ಹೆಚ್ಚು, ಅಗಲ 3 ಮಿ.ಮೀ. ಕಡಿಮೆ, ರಟ್ಟಿಗೂ ಬೆನ್ನಿಗೂ ನಡುವೆ 7 ಮಿ.ಮೀ. ಸಂದು. ಸಂದು ಕಿರಿದಾದರೆ ಹೊದಿಕೆ ತೆರೆಯುವಾಗ ಮೊದಲ ಪುಟವನ್ನೂ ಎಳೆದುಕೊಂಡು ಬರುತ್ತದೆ.

ಅಣ್ಣ-ತಮ್ಮಂದಿರ ಮನೆಗಳಿಗೆ ಹತ್ತು ಪ್ರತಿ ಮಾಡಿಸಬೇಕು. — ಯಲಹಂಕದ ಓದುಗರು

ಹೊಲಿಯುವ ಮುಂಚೆ, ಹಾಳೆಗಳು ಬಿಡಿಯಾಗಿರುವಾಗಲೇ 300 ಡಿಪಿಐಗೆ ಸ್ಕ್ಯಾನ್ ಮಾಡಿಸಿ. ಮುದ್ರಣ ಲೇಸರ್‌ನಲ್ಲಿರಲಿ, ಸಾಮಾನ್ಯ ಇಂಕ್‌ಜೆಟ್ ಬಣ್ಣ ಒದ್ದೆ ಕೈ ತಾಗಿದೊಡನೆ ಹಬ್ಬುತ್ತದೆ. ಸ್ಕ್ಯಾನ್ ಆದ ಹಾಳೆಗಳನ್ನು ಮುಂದೆ ಹಿಂದೆ ಅದೇ ಜೋಡಿಯಲ್ಲಿ ಮುದ್ರಿಸಿದರೆ ಪುಟಗಳ ಕ್ರಮ ತಾನೇ ಸರಿಬರುತ್ತದೆ. ಪರೀಕ್ಷಿಸಲು ಒಂದು ಲೆಕ್ಕ: ಮೊದಲ ಕಟ್ಟಿನ ಯಾವ ಹಾಳೆಯಲ್ಲೂ ಅಕ್ಕಪಕ್ಕದ ಎರಡು ಪುಟದ ಅಂಕಿ ಕೂಡಿದರೆ 17, ಎರಡನೇ ಕಟ್ಟಿನಲ್ಲಿ 49.

ಅಂಗಡಿಯಲ್ಲಿ 'ಫಿಟ್ ಟು ಪೇಜ್' ತೆಗೆಸಿ, '100 ಪರ್ಸೆಂಟ್' ಎಂದು ಹೇಳಿ. ಇಲ್ಲದಿದ್ದರೆ ನಿಜಗಾತ್ರದ ಹುಣಸೆ ಉಂಡೆ ಹೆಚ್ಚೋ ಕಡಿಮೆಯೋ ಆಗಿಬಿಡುತ್ತದೆ. ಮೂಲದ 2ನೇ ಪುಟದ ಕೆಳಗೆ ಸರಿಯಾಗಿ 5 ಸೆಂ.ಮೀ. ಗೆರೆಯೊಂದನ್ನು ಎಳೆದಿಟ್ಟರೆ ಯಾವ ಪ್ರತಿಯನ್ನಾದರೂ ಅಳತೆಪಟ್ಟಿ ಇಟ್ಟು ನೋಡಬಹುದು.

ಪುಟಗಳಿಗೆ ಲ್ಯಾಮಿನೇಷನ್ ಮಾಡಿಸಿದರೆ ಎಣ್ಣೆ, ನೀರಿನ ಚಿಂತೆಯೇ ಇರುವುದಿಲ್ಲವಲ್ಲ? — ಮಲ್ಲೇಶ್ವರದ ಇನ್ನೊಬ್ಬ ಓದುಗರು

ಮಡಿಕೆಯ ಹಾಳೆಗೆ ಮಾಡಿಸಿದರೆ ಮಡಿಕೆ ಎದ್ದು ನಿಲ್ಲುತ್ತದೆ, ಹೊಲಿಗೆಯ ತೂತುಗಳಿಂದ ಹಬೆ ಒಳಸೇರಿ ಹೊರಬರಲಾಗದೆ ಕಪ್ಪು ಚುಕ್ಕೆ ಹಿಡಿಯುತ್ತದೆ. ಅದರ ಬದಲು ತೆರೆದ ಪುಟದ ಮೇಲೆ ಹಾಸಲು 12×8 ಇಂಚಿನ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದನ್ನು ಪುಸ್ತಕದ ಜೊತೆಗೇ ಕೊಡಿ. ಹನಿ ಬಿದ್ದರೆ ಒರೆಸಬಹುದು, ಪುಟವೂ ಹಾರುವುದಿಲ್ಲ. ಅದನ್ನೂ ತಪ್ಪಿಸಿ ಎಣ್ಣೆ ಬಿದ್ದರೆ ಉಜ್ಜಬೇಡಿ. ಎರಡೂ ಬದಿಗೆ ಕಾರ್ನ್‌ಫ್ಲೋರ್ ಉದುರಿಸಿ, ಮೇಲೆ ಭಾರವಿಟ್ಟು ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೆತ್ತನೆಯ ಕುಂಚದಿಂದ ಪೂರ್ತಿ ಝಾಡಿಸಿ.